ತೊಟ್ಟಿಲ ಮೇಲಿನ ಕೆಂಪು

ಒಗೆದ ಬಟ್ಟೆ ಮಡಿಸುತ್ತಿದ್ದೆ. ಅಂಗಿಯ ಒಂದು ತೋಳು ಮಡಚಿದ್ದೆನೋ ಇಲ್ಲವೋ, ಮುಚ್ಚಿದ ಕೋಣೆಯ ಕಡೆಯಿಂದ ಸಣ್ಣಗೆ ‘ಸ್ಸ್’ ಎಂದಿತು. ನಿಂತಿತು. ಮತ್ತೆ ಎಂದಿತು.

“ಪೈಪು ಸೋರ್ತಿದೆ ನೋಡು,” ಅತ್ತೆ ಅಡುಗೆಮನೆಯಿಂದಲೇ ಕೂಗಿದರು. “ಫ್ಯಾಕ್ಟರಿಗಳ ಸೋರಿಕೆಯೆಲ್ಲಾ ಹುಡುಕಿ ಕೊಡ್ತೀಯ, ನಮ್ಮನೇದು ಮಾತ್ರ ನಿನ್ನ ಕಿವಿಗೆ ಬೀಳಲ್ಲ. ದೀಪದ ಬುಡ ಕತ್ತಲೆ!”

“ಈಗ ಬಿತ್ತಲ್ಲ ಅತ್ತೆ, ಹೋಗಿ ನೋಡ್ತೀನಿ.”

“ಆ ಕೋಣೆಗಾ?” ಅವರ ದನಿ ಇಳಿಯಿತು. “ಬೇಡ ಬಿಡೇ. ಪ್ಲಂಬರ್ ಬಂದು ನೋಡ್ಲಿ.”

ಪಾಪುವಿಗೆಂದು ಸಿದ್ಧಮಾಡಿದ್ದ ಕೋಣೆ ಅದು. ನಾನು ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದ ಮೇಲೆ ಯಾರೂ ಒಳಗೆ ಕಾಲಿಟ್ಟಿರಲಿಲ್ಲ. ಅಂದಿನಿಂದ ನಮ್ಮ ಪುಟ್ಟಿಯೂ ಮಾತು ಬಿಟ್ಟಿದ್ದಳು. ಸೂರು ಕಿತ್ತುಹೋಗುವಂತೆ ಕೂಗಾಡುತ್ತಿದ್ದ ಹುಡುಗಿ. ಈಗ ಹೂಂ, ಉಹೂಂ ಅಷ್ಟೇ. “ಮಕ್ಕಳು ಬೇಗ ಮರೀತಾರೆ, ಕೆದಕ್ಬೇಡ” ಎಂದರು ಎಲ್ಲರೂ. ಆದರೆ ಊಟಕ್ಕೆ ಕೂತಾಗಲೆಲ್ಲ ಅವಳು ನನ್ನ ಮುಖ ನೋಡಿ ತುಟಿ ತೆರೆಯುವುದು, ಮತ್ತೆ ಮುಚ್ಚಿಕೊಳ್ಳುವುದು. ಒಳಗೊಂದು ಪ್ರಶ್ನೆ ಸಿಕ್ಕಿಕೊಂಡಿತ್ತು. ಅದು ಹೊರಬರುವ ತನಕ ಮಗಳು ನನಗೆ ಸಿಗುವುದಿಲ್ಲ ಎಂದು ಗೊತ್ತಿತ್ತು. ಏನೆಂದು ಕೇಳುವ ಧೈರ್ಯ ಮಾತ್ರ ನನಗಿರಲಿಲ್ಲ.

ಕೆಲಸದ ಚೀಲದಿಂದ ಯಂತ್ರ ತೆಗೆದೆ. ಊಟದ ತಟ್ಟೆಯಷ್ಟಗಲದ ಹಲಗೆ; ಅದರ ತುಂಬ ಕಾಳಿನಂಥ ಮೈಕುಗಳು, ನಡುವೆ ಕ್ಯಾಮೆರಾ, ಹಿಂದೆ ಪರದೆ. ಒಂದೇ ಸದ್ದು ಒಂದೊಂದು ಮೈಕನ್ನು ಕೂದಲೆಳೆಯಷ್ಟು ಹಿಂದುಮುಂದಾಗಿ ಮುಟ್ಟುತ್ತದೆ. ಆ ಅಂತರದಿಂದ ಯಂತ್ರ ಸದ್ದು ಬಂದ ದಿಕ್ಕನ್ನು ಲೆಕ್ಕಹಾಕಿ, ಪರದೆಯ ಚಿತ್ರದಲ್ಲಿ ಆ ಜಾಗಕ್ಕೆ ಕೆಂಪು ಬಳಿಯುತ್ತದೆ. ‘ಸ್ಸ್’ ಎಂದರೆ ಸೋರಿಕೆ. ಇಷ್ಟು ವರ್ಷದ ಕೆಲಸದಲ್ಲಿ ನನ್ನ ಕಿವಿಗೆ ಅದಕ್ಕೆ ಬೇರೆ ಅರ್ಥವೇ ಉಳಿದಿರಲಿಲ್ಲ.

ಬಾಗಿಲು ತಳ್ಳಿದೆ. ಖಾಲಿ ಗೋಡೆಗಳು, ಒಂದು ಕಬ್ಬಿಣದ ಬೀರು, ಗೋಡೆಗೆ ಒತ್ತಿದ ತೊಟ್ಟಿಲು. ಯಂತ್ರವನ್ನು ಸೂರಿನಡಿ ಹಾದ ನೀರಿನ ಪೈಪಿನತ್ತ ಹಿಡಿದೆ. ಏನೂ ಇಲ್ಲ. ಮೆಲ್ಲಗೆ ತಿರುಗಿಸಿದೆ.

ತೊಟ್ಟಿಲ ಮೇಲೆ ಕೆಂಪು ಮೂಡಿತು.

ಆರಿತು. ಮತ್ತೆ ಮೂಡಿತು. ಮಲಗಿದ ಮಗುವಿನ ಎದೆಯ ಹಾಗೆ ಉಬ್ಬಿತು, ಇಳಿಯಿತು. ಕಣ್ಣೆತ್ತಿ ನೋಡಿದರೆ ತೊಟ್ಟಿಲಲ್ಲಿ ಬರೀ ಧೂಳು.

ಹಿಂದೆಯೇ ಬಂದಿದ್ದ ಅತ್ತೆ ನನ್ನ ಸೆರಗು ಹಿಡಿದುಕೊಂಡರು. “ಏನೇ ಅದು?”

“ಏನಿಲ್ಲ ಅತ್ತೆ. ಖಾಲಿ ಕೋಣೇಲಿ ಸದ್ದು ಗೋಡೆಗೆ ಬಡಿದು ವಾಪಸ್ ಬರುತ್ತೆ. ಯಂತ್ರ ಮೋಸ ಹೋಗುತ್ತೆ. ನಾವು ಇದನ್ನ ದೆವ್ವ ಅಂತೀವಿ.”

“ಏನಿಲ್ಲ ಅಂತೀಯ, ದೆವ್ವ ಅಂತಾನೂ ಅಂತೀಯ!”

ಗೋಡೆಗೆ ದಪ್ಪ ಬಟ್ಟೆ ಹೊದಿಸಿದರೆ ದೆವ್ವ ಹೋಗಿ ನಿಜವಾದ ಜಾಗ ಕಾಣುತ್ತದೆ. ಹೊಸಬರಿಗೆ ನಾನೇ ಕಲಿಸುವ ಪಾಠ. ಆದರೂ ರಜಾಯಿ ತಂದವಳು ಅದನ್ನು ಎದೆಗವಚಿಕೊಂಡು ನಿಂತುಬಿಟ್ಟೆ. ಹೊದಿಸಿದರೆ ತೊಟ್ಟಿಲು ಮತ್ತೆ ಖಾಲಿಯಾಗುತ್ತಿತ್ತು. ಇನ್ನೊಂದು ಸಲ ಉಬ್ಬಲಿ ಎಂದುಕೊಂಡೆ. ಇನ್ನೊಂದೇ ಒಂದು ಸಲ.

“ಸಾಕು ಕಣೇ,” ಎಂದರು ಅತ್ತೆ, ಬಹಳ ಮೆತ್ತಗೆ.

ಇಬ್ಬರೂ ಸೇರಿ ತೊಟ್ಟಿಲ ಹಿಂದಿನ ಗೋಡೆಗೆ ರಜಾಯಿ ಇಳಿಬಿಟ್ಟೆವು. ಪರದೆಯಲ್ಲಿ ತೊಟ್ಟಿಲ ಮೇಲಿನ ಕೆಂಪು ಕರಗಿತು. ಕೋಣೆಯ ಇನ್ನೊಂದು ಮೂಲೆಯಲ್ಲಿ, ಬೀರುವಿನ ಅಂಚಿನಲ್ಲಿ, ಬೆರಳಗಲದ ಕೆಂಪು ಮಿನುಗಿತು.

ಬೀರುವಿನ ಹಿಂದಿನ ಸಂದಿಯಲ್ಲಿ ಪುಟ್ಟಿ ಕುಕ್ಕರಗಾಲಲ್ಲಿ ಕೂತಿದ್ದಳು. ತುಟಿಗೆ ಬೆರಳಿಟ್ಟುಕೊಂಡು, ಕಣ್ಣು ಮುಚ್ಚಿ, “ಶ್... ಶ್...” ಎನ್ನುತ್ತಿದ್ದಳು.

ನಾನು ಯಂತ್ರ ಕೆಳಗಿಟ್ಟು ಅವಳೆದುರು ನೆಲದ ಮೇಲೆ ಕೂತೆ.

“ಯಾರನ್ನ ಸುಮ್ನಿರಿಸ್ತಿದೀಯ ಬಂಗಾರ?”

ಅವಳು ತನ್ನ ಎದೆಗೆ ಬೆರಳು ತೋರಿಸಿಕೊಂಡಳು.

“ಯಾಕಮ್ಮಾ? ಹೇಳು. ಜೋರಾಗೇ ಹೇಳು, ಯಾರೂ ಬಯ್ಯಲ್ಲ.”

ತುಟಿ ತೆರೆಯಿತು, ಮುಚ್ಚಿತು. ನಾನು ಕಾದೆ. ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಕೊನೆಗೆ ಮಗಳ ದನಿ ಖಾಲಿ ಕೋಣೆಯೆಲ್ಲ ಮೊಳಗುವಂತೆ ಒಡೆಯಿತು:

“ಅಮ್ಮಾ, ನೀನು ಆಸ್ಪತ್ರೆಗೆ ಹೋದ ದಿನ ನಾನು ಕಿರುಚಿದ್ದಕ್ಕೇ ಪಾಪು ಹೆದರ್ಕೊಂಡು ಬರ್ಲಿಲ್ವಾ?”