ಬರಡು ಎಂದು ಬರೆದ ಕೈ

ಮುನಿನಾರಾಯಣಪ್ಪನವರು ನಡೆಯುವಾಗ ಬಲಕ್ಕೆ ವಾಲುತ್ತಾರೆ. ಕಾಲಿನ ದೋಷವೇನಲ್ಲ, ಮಾಸಿದ ಖಾಕಿ ಕೋಟಿನ ಬಲಜೇಬಿನಲ್ಲಿ ಸದಾ ಎರಡು ಮೂರು ಕಲ್ಲು, ಅಷ್ಟೆ. ಚಿಂತಾಮಣಿಯ ಸಂತೆಗೆ ಹೊರಟರೂ ಹಾದಿಯ ಕಲ್ಲೊಂದನ್ನು ಎತ್ತಿ, ನಾಲಿಗೆಯ ತುದಿಯಿಂದ ಒದ್ದೆ ಮಾಡಿ, ಬಿಸಿಲಿಗೆ ಹಿಡಿದು ಅದರ ಹರಳು ನೋಡದೆ ಮುಂದಕ್ಕೆ ಹೆಜ್ಜೆಯಿಡುವ ಆಸಾಮಿಯಲ್ಲ. "ಸಾರಿಗೆ ಉಪ್ಪು ಬಿದ್ದಿದ್ಯೋ ಇಲ್ವೋ ಹೇಳಕ್ಕೆ ಬರಲ್ಲ, ಕಲ್ಲಿನ ರುಚಿ ಮಾತ್ರ ಚೆನ್ನಾಗ್ ಗೊತ್ತಾಗ್ತದೆ ಈವಯ್ಯನಿಗೆ" ಎಂದು ಹೆಂಡತಿ ಕಲ್ಯಾಣಮ್ಮ ಬಂದವರ ಮುಂದೆಲ್ಲ ಹಂಗಿಸುತ್ತಾರೆ.

ಸರ್ಕಾರಿ ಇಲಾಖೆಯ ಭೂವಿಜ್ಞಾನಿಯಾಗಿ ಅವರು ಆಯುಷ್ಯ ಸವೆಸಿದ್ದು ಯುರೇನಿಯಂ ಶೋಧದಲ್ಲಿ. ಆಂಧ್ರದ ಗಡಿಯಾಚೆ ನೆಲ ಕೊರೆದು ತೆಗೆದ, ಬಾಳೆದಿಂಡಿನ ಹಾಗೆ ದುಂಡಗಿನ ಕಲ್ಲುಗಳು ಗೌರಿಬಿದನೂರಿನ ಹೊರವಲಯದ ಶೆಡ್ಡಿನಲ್ಲಿ ಪೆಟ್ಟಿಗೆಗಟ್ಟಲೆ ಬಿದ್ದಿವೆ. ವಿಕಿರಣದ ಮಾಪಕ ಸದ್ದು ಮಾಡಿದರೆ ಆ ಕಲ್ಲು ಪ್ರಯೋಗಾಲಯಕ್ಕೆ. ಸುಮ್ಮನಿದ್ದರೆ ಪೆಟ್ಟಿಗೆಯ ಮೇಲೆ ಬರಡು ಎಂದು ಬರೆದು ಮೂಲೆಗೆ. ಅದು ಆ ಕಾಲದ ಪದ್ಧತಿ. ಮುನಿನಾರಾಯಣಪ್ಪನವರ ಸಹಿಯೆಂದರೆ ಇಲಾಖೆಯಲ್ಲಿ ಶಾಸನವಿದ್ದಂತೆ.

ಈಗ ಕಾಲ ತಿರುಗಿದೆ. ಯುರೇನಿಯಂ ನಿಕ್ಷೇಪದ ಒಡಲಲ್ಲೂ ಅಕ್ಕಪಕ್ಕದಲ್ಲೂ ಬ್ಯಾಟರಿಗೆ, ಗಟ್ಟಿ ಉಕ್ಕಿಗೆ ಬೇಕಾದ ವೆನೇಡಿಯಂ, ಕೋಬಾಲ್ಟ್‌ಗಳಂಥ ಲೋಹಗಳಿರಬಹುದೆಂದು ಹಳೆಯ ಕಲ್ಲುಗಳ ಮರುಪರೀಕ್ಷೆ ಶುರುವಾಗಿದೆ. ಅದರ ಹೊಣೆ ಹೊತ್ತ ಯುವ ಅಧಿಕಾರಿ ಗೌತಮಿ, ಜಾಗ ಸಾಲದೆಂದು, ಬರಡು ಪೆಟ್ಟಿಗೆ ನಲವತ್ತನ್ನೂ ಕಲ್ಲುಗಣಿಯ ಹಳೇ ಗುಂಡಿಗೆ ಸುರಿಸಲು ಲಾರಿ ಕರೆಸಿದ್ದಳು. ಸುದ್ದಿ ಕಿವಿಗೆ ಬಿದ್ದದ್ದೇ ತಡ, ನಿವೃತ್ತರಾಗಿ ಊರು ಸೇರಿದ್ದ ಮುದುಕರು ಚಿಂತಾಮಣಿಯಲ್ಲಿ ಮೊದಲ ಬಸ್ಸು ಹಿಡಿದು, ಚಿಕ್ಕಬಳ್ಳಾಪುರದಲ್ಲಿ ಇನ್ನೊಂದಕ್ಕೆ ಹತ್ತಿ, ಲಾರಿಗಿಂತ ಮುಂಚೆ ಬಂದು ಪೆಟ್ಟಿಗೆಗಳಿಗೆ ಅಡ್ಡ ನಿಂತರು.

"ಇವು ಬರಡು ಅಂತ ನೀವೇ ಸಹಿ ಹಾಕಿದ್ದೀರಲ್ಲಾ ಸರ್! ನಿಮ್ ಸಹಿ ನೋಡೇ ನಾನು ಲಾರಿ ಕರೆಸಿದ್ದು" ಎಂದಳು ಗೌತಮಿ.

"ಅದೇ ಕಣಮ್ಮಾ ತಪ್ಪು. ಮಾಪಕ ಸುಮ್ನಿತ್ತು ಅಂತ ಕಲ್ಲಲ್ಲಿ ಏನೂ ಇಲ್ಲ ಅಂತ ಬರೆದ್ಬಿಟ್ಟೆ. ಅದಕ್ಕೆ ಗೊತ್ತಿದ್ದಿದ್ದೇ ಯುರೇನಿಯಂ ಒಂದು. ನಂಗಾದ್ರೂ ಬುದ್ಧಿ ಬೇಡ್ವಾ?"

ಹತ್ತಾರು ಕಿರಿಯರು ನೋಡುತ್ತಿದ್ದರು; ಅವರ ಪಾಲಿಗೆ ಈತ ಗುರುಸ್ಥಾನದಲ್ಲಿದ್ದವರು. ನಾಚಿಕೆಯಿಂದ ಮುಖ ಕೆಂಪಾಗಿದ್ದರೂ ಆ ಹಿರಿಯ ಜೀವ ಬಣ್ಣದ ಡಬ್ಬಿ ತರಿಸಿ, ಮಂಡಿಯೂರಿ, ಒಂದೊಂದೇ ಪೆಟ್ಟಿಗೆಯ ಹಳೆಯ ಬರಹ ಹೊಡೆದುಹಾಕಿ, "ಪರೀಕ್ಷೆಯಾಗಿಲ್ಲ, ತಪ್ಪು ನನ್ನದು" ಎಂದು ಬರೆದು ಸಹಿ ಮಾಡತೊಡಗಿತು. ನಲವತ್ತೂ ಮುಗಿಯುವಷ್ಟರಲ್ಲಿ ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು. ಅಬ್ಬಾ, ಆ ಹಟವೇ! ಗೌತಮಿ ಲಾರಿಯನ್ನು ಬರಿದಾಗಿ ವಾಪಸು ಕಳಿಸಿದಳು.

ಎರಡು ತಿಂಗಳ ಮೇಲೆ ಅವಳ ಫೋನು ಬಂತು. ಹನ್ನೊಂದು ಪೆಟ್ಟಿಗೆಗಳಲ್ಲಿ ಒಳ್ಳೆಯ ವೆನೇಡಿಯಂ ಇತ್ತು. ಅವಳ ಸಂಭ್ರಮವನ್ನು ಪೂರ್ತಿ ಕೇಳಿಸಿಕೊಂಡು ಮುನಿನಾರಾಯಣಪ್ಪನವರು ಅಂದದ್ದಿಷ್ಟು: "ಸಂತೋಷ ಕಣಮ್ಮಾ. ಮಿಕ್ಕ ಇಪ್ಪತ್ತೊಂಬತ್ರಲ್ಲಿ ಏನೂ ಇಲ್ಲ ಅಂತ ಈಗ ತಾನೆ ನಿಜವಾಗ್ಲೂ ಗೊತ್ತಾಗಿದ್ದು? ಅದನ್ನೂ ಬರ್ಕೊ."

ಜಾಣರು ತಾಲ್ಲೂಕಿಗೆ ನೂರು ಮಂದಿ ಸಿಕ್ಕಾರು. ಯೌವನದಲ್ಲಿ ತಾವೇ ಕೊಟ್ಟ ತೀರ್ಪನ್ನು ಮುಪ್ಪಿನಲ್ಲಿ, ತಮ್ಮನ್ನು ನಂಬಿದವರ ಕಣ್ಣೆದುರೇ ಹೊಡೆದುಹಾಕುವವರು ವಿರಳ. ವಿಜ್ಞಾನದ ಮಾತಿಗೆ ನಾವು ತಲೆಬಾಗುವುದು ಅಂಥವರು ಎಲ್ಲೋ ನಾಲ್ಕು ಜನ ಇದ್ದೇ ಇರುತ್ತಾರೆಂಬ ಧೈರ್ಯದ ಮೇಲೆ.