ಬಳುಕಿದ ಗೆರೆಗಳು

ಕಚೇರಿ ಕೋಣೆಯ ಬಾಗಿಲ ಚೌಕಟ್ಟು ನಡುವಿನಲ್ಲಿ ಬಾಗಿತ್ತು. ಎಡಗಣ್ಣಿಗೆ ಏನೋ ಧೂಳು ಬಿತ್ತೆಂದು ಅವಳು ಅದನ್ನು ಅಂಗೈಯಿಂದ ಮುಚ್ಚಿಕೊಂಡಿದ್ದಳು, ಅಷ್ಟೆ. ಕೈ ತೆಗೆದಾಗ ಚೌಕಟ್ಟು ನೆಟ್ಟಗಾಯಿತು. ಬಲಗಣ್ಣು ಮುಚ್ಚಿ ನೋಡಿದಳು, ನೆಟ್ಟಗೇ ಇತ್ತು. ಎಡಗಣ್ಣು ಮುಚ್ಚಿದಳು, ಮತ್ತೆ ಬಳುಕಿತು. ಕನ್ನಡಕ ಒರೆಸಿ ಹಾಕಿಕೊಂಡರೂ ಅಷ್ಟೇ.

ಬಾಹ್ಯಾಕಾಶ ಸಂಸ್ಥೆಯಲ್ಲಿ ಎಲ್ಲರೂ ಅವಳನ್ನು ಹದ್ದು ಎನ್ನುತ್ತಿದ್ದರು. ದೂರದ ಕೆಂಪು ಗ್ರಹದ ಮೇಲೆ ತೆವಳುತ್ತಿದ್ದ ಯಂತ್ರವೊಂದು ಕಳಿಸುವ ಚಿತ್ರಗಳನ್ನು ಪರದೆಯಲ್ಲಿ ಹಿಗ್ಗಿಸಿ, ಅಭ್ಯಾಸದಂತೆ ಎಡಗಣ್ಣು ಕಿರಿದು ಮಾಡಿ, ಅಕ್ಕಿ ಆರಿಸುವವರ ತಾಳ್ಮೆಯಿಂದ ಒಂದೊಂದೇ ಕಲ್ಲನ್ನು ನೋಡುವುದು ಅವಳ ಕೆಲಸ. ಯಾವುದೋ ಕಾಲದಲ್ಲಿ ಅಲ್ಲೊಂದು ಕೆರೆಯಿತ್ತು. ಬರೀ ಹೂಳು ಕೂತು ಗಟ್ಟಿಯಾದ ಕಲ್ಲಾದರೆ ಅದರ ಪದರಗಳು ನೆಟ್ಟಗಿರುತ್ತವೆ. ಹೂಳಿನ ಮೇಲೆ ಪಾಚಿಯಂಥ ಜೀವವೇನಾದರೂ ಬೆಳೆದಿದ್ದರೆ ಪದರಗಳು ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿರುತ್ತವೆ. ಸುಕ್ಕೆಲ್ಲ ಜೀವದ್ದೇ ಎಂದಲ್ಲ. ಆದರೆ ಕೊರೆದು ನೋಡಬೇಕಾದದ್ದು ಅಲ್ಲಿಯೇ. ಅಂಥ ಸುಕ್ಕನ್ನು ಅವಳು ಒಂದು ಬಂಡೆಯ ಬುಡದಲ್ಲಿ ಕಂಡುಹಿಡಿದಿದ್ದಳು. ಯಂತ್ರದ ಕೊರೆಯುವ ಮೊನೆ ಸವೆದುಹೋಗಿತ್ತು. ಆ ಕೆರೆಯಲ್ಲಿ ಇನ್ನೊಂದೇ ಒಂದು ಸಲ ಕೊರೆಯಬಹುದು, ಆಮೇಲೆ ಮುಂದಕ್ಕೆ ಹೊರಡಬೇಕು. ಎಲ್ಲಿ ಕೊರೆಯುವುದೆಂದು ಅಂತಿಮವಾಗಿ ಹೇಳುವ ಸಭೆ ಆ ಮಧ್ಯಾಹ್ನವೇ ಇತ್ತು.

ಸುಕ್ಕು ಇದ್ದದ್ದು ಕಲ್ಲಿನಲ್ಲೋ, ತನ್ನ ಕಣ್ಣಿನಲ್ಲೋ?

ಚಿತ್ರವನ್ನು ತೆರೆದಳು. ಬಲಗಣ್ಣು ಮುಚ್ಚಿ ಎಡಗಣ್ಣಿನಿಂದಷ್ಟೇ ನೋಡಿದಳು. ಗೆರೆಗಳು ಒಮ್ಮೆ ನೆಟ್ಟಗಿದ್ದಂತೆ, ಒಮ್ಮೆ ಬಳುಕಿದಂತೆ ಕಂಡವು. ತಿಂಗಳುಗಟ್ಟಲೆ ಬಳುಕಿದ್ದೆಂದೇ ನೋಡಿದ ಮನಸ್ಸು ಈಗ ನೆಟ್ಟಗಿರುವುದನ್ನು ಒಪ್ಪುತ್ತದೆಯೇ? ಉಳಿದವರೂ ಇದೇ ಚಿತ್ರ ನೋಡಿದ್ದರಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ಹೊರಟಳು. ಆದರೆ ಅವರು ನೋಡಿದ್ದು ಅವಳು ಬೆರಳಿಟ್ಟು ತೋರಿಸಿದ ಮೇಲೆ. ಹದ್ದು ಕಂಡದ್ದನ್ನು ಕಾಣಲಿಲ್ಲ ಎನ್ನುವ ಧೈರ್ಯ ಯಾರಿಗಿತ್ತು? ರಸಾಯನ ವಿಭಾಗದ ಅವಳ ಹಳೆಯ ಸ್ನೇಹಿತನೊಬ್ಬನೇ, ಬುಡದ ಕಡೆ ತನಗೇನೂ ವಿಶೇಷ ಕಾಣುತ್ತಿಲ್ಲ ಎಂದು ಗೊಣಗಿದ್ದ. ನಿನ್ನ ಕಣ್ಣಿಗೆ ಪೊರೆ ಬಂದಿರಬೇಕು ಎಂದು ಅವಳು ಎಲ್ಲರೆದುರು ನಗಾಡಿದ್ದಳು.

ಅವಳ ತಾಯಿಗೂ ಹೀಗೇ ಶುರುವಾಗಿತ್ತು. ಮೊದಲು ಗೋಡೆ ಸೊಟ್ಟಗಾಗಿದೆ ಎಂದರು, ಮನೆಯವರೆಲ್ಲ ನಕ್ಕರು. ಕೊನೆಕೊನೆಗೆ ಎದುರಿಗೆ ನಿಂತವರ ಕಿವಿ, ಕೂದಲು ಕಾಣುತ್ತಿದ್ದವು, ಮುಖ ಕಾಣುತ್ತಿರಲಿಲ್ಲ. "ಮಾತಾಡಮ್ಮ, ಆಗ ಗೊತ್ತಾಗತ್ತೆ ಯಾರು ಅಂತ," ಎನ್ನುತ್ತಿದ್ದರು. ಸುಮ್ಮನಿದ್ದುಬಿಟ್ಟರೆ ಯಾರಿಗೆ ತಿಳಿಯುತ್ತದೆ ಎಂಬ ಯೋಚನೆಯೂ ಬಂತು. ಬಂಡೆಯಲ್ಲಿ ಏನೂ ಸಿಗದಿದ್ದರೆ ಬಂಡೆಯ ಹಣೆಬರಹ, ಅಷ್ಟೆ. ಆ ಯೋಚನೆ ಎಷ್ಟು ಸಲೀಸಾಗಿ ಬಂತೆಂದರೆ, ಅದಕ್ಕೇ ಇನ್ನಷ್ಟು ಹೆದರಿ ಎದ್ದಳು.

ಚಿತ್ರವನ್ನು ಅಚ್ಚು ಹಾಕಿಸಿ, ಮೇಲೊಂದು ಪಾರದರ್ಶಕ ಹಾಳೆ ಇಟ್ಟುಕೊಂಡು ಸ್ನೇಹಿತನ ಕೋಣೆಗೆ ಹೋದಳು. ಕಾಣುವ ಪದರಗಳನ್ನೆಲ್ಲ ಬಾಲ್ ಪೆನ್ನಿನಿಂದ ಒತ್ತಿ ಎಳೆದುಕೊಡು, ಯಾಕೆಂದು ಕೇಳಬೇಡ ಎಂದಳು.

"ಮೊನ್ನೆ ನಂಗೆ ಪೊರೆ ಬಂದಿದೆ ಅಂದೆ. ಇವತ್ತು ನನ್ನ ಕೈಲೇ ಗೆರೆ ಎಳೆಸ್ತೀಯಾ?" ಎಂದವನು ಅವಳ ಮುಖ ನೋಡಿ ಸುಮ್ಮನೆ ಪೆನ್ನು ತೆಗೆದುಕೊಂಡ.

ಅವನು ಎಳೆದು ಮುಗಿಸುವವರೆಗೂ ಅವಳು ಕಿಟಕಿಯ ಕಡೆ ತಿರುಗಿ ನಿಂತಿದ್ದಳು. ಆಮೇಲೆ ಹಾಳೆಯನ್ನು ಮಗುಚಿ ಹಾಕಿ, ಎರಡೂ ಕಣ್ಣು ಮುಚ್ಚಿ, ಉಬ್ಬಿದ ಗೆರೆಗಳ ಮೇಲೆ ಬೆರಳು ಆಡಿಸಿದಳು. ಬಂಡೆಯ ಬುಡದಲ್ಲಿ ಗೆರೆ ಎಲ್ಲಿಯೂ ಏಳಲಿಲ್ಲ, ಬೀಳಲಿಲ್ಲ. ಸೀದಾ ಹೋಗಿ ಅಂಚು ಮುಟ್ಟಿತು. ಇನ್ನೊಂದು, ಮತ್ತೊಂದು, ಎಲ್ಲ ಸೀದಾ. ಮೇಲ್ಭಾಗದಲ್ಲಿ ಬಂಡೆ ಹೊರಕ್ಕೆ ಚಾಚಿದ್ದ ಕಡೆ ಮಾತ್ರ ಬೆರಳು ಏರಿತು, ಇಳಿಯಿತು, ಮತ್ತೆ ಏರಿತು. ಕೊರೆಯಲು ಅವಳು ಗುರುತು ಹಾಕಿದ್ದದ್ದು ಬುಡದಲ್ಲಿ.

"ನಂಗೆ ಕಣ್ಣು ಹೋಗ್ತಿದೆ ಕಣೋ," ಎಂದಳು.

ಸಭೆಗೆ ಹೋಗುವಾಗ ಮೆಟ್ಟಿಲಲ್ಲಿ ಅವನು ಅವಳ ಪಕ್ಕದಲ್ಲೇ ನಡೆದ.

ಸಭೆಯಲ್ಲಿ ಅವಳು ಹಾಳೆಯನ್ನು ಮುಖ್ಯಸ್ಥರ ಮುಂದಿಟ್ಟು ಇದ್ದದ್ದನ್ನು ಇದ್ದಂತೆ ಹೇಳಿದಳು. ಮುಖ್ಯಸ್ಥರು ಅನುಭವಸ್ಥರು, ಹದ್ದಿನ ಮಾತೆಂದರೆ ಮರುಮಾತಿಲ್ಲದೆ ಸಹಿ ಹಾಕುತ್ತಿದ್ದವರು. ಅವರು ಹಾಳೆಯನ್ನು ಬಹಳ ಹೊತ್ತು ನೋಡಿದರು.

"ಯಾವಾಗಿಂದ ಹೀಗಿದೆಯಮ್ಮ?"

"ಗೊತ್ತಿಲ್ಲ ಸರ್. ನಂಗೆ ಭಯ ಆಗ್ತಿರೋದೇ ಅದಕ್ಕೆ."

ಅವಳು ನೋಡಿ ಬೇಡವೆಂದು ಪಕ್ಕಕ್ಕೆ ಸರಿಸಿದ್ದ ಕಲ್ಲುಗಳೆಷ್ಟೋ, ಯಂತ್ರ ದಾಟಿ ಬಂದ, ಇನ್ನೆಂದೂ ಹಿಂತಿರುಗಲಾಗದ ಇಳಿಜಾರುಗಳೆಷ್ಟೋ. ಎಲ್ಲರ ತಲೆಯಲ್ಲೂ ಅದೇ ಓಡುತ್ತಿದ್ದಿರಬೇಕು. ಮುಖ್ಯಸ್ಥರು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಬೇರೆ ಇಬ್ಬರಿಂದ ಬೇರೆಬೇರೆಯಾಗಿ ಗೆರೆ ಎಳೆಸಿದರು. ಮೂವರದ್ದೂ ತಾಳೆಯಾಯಿತು. ಮೇಲಿನ ಚಾಚನ್ನೇ ಕೊರೆಯುವುದೆಂದಾಯಿತು. ಮೊದಲು ಕಣ್ಣು ತೋರಿಸಿಕೊಂಡು ಬಾ, ಅಲ್ಲಿಯವರೆಗೆ ಚಿತ್ರಗಳ ಕೆಲಸ ಬೇಡ ಎಂದು ಅವರು ಅವಳಿಗೆ ಮೆತ್ತಗೆ ಹೇಳಿದರು.

ಬಲಗಣ್ಣಿನೊಳಗಿನ ರೆಟಿನಾ ಪರದೆಯ ಹಿಂದೆ ನೀರು ಸೋರುತ್ತಿದೆ ಎಂದರು ಕಣ್ಣಿನ ವೈದ್ಯರು. ಕಣ್ಣಿಗೇ ಚುಚ್ಚುಮದ್ದು ಕೊಡಬೇಕು, ಹೋದದ್ದು ಪೂರ್ತಿ ಬರಲಾರದು, ಉಳಿದದ್ದನ್ನು ಹಿಡಿದಿಡಬಹುದು. ಎಡಗಣ್ಣು? ಅದನ್ನು ಗಮನಿಸುತ್ತಿರಬೇಕು ಎಂದರು. ಮುಂದಿನ ವಾರ ಸೂಜಿ ಹತ್ತಿರ ಬಂದಾಗ ಅವಳು, ಜೊತೆಗೆ ಬಂದಿದ್ದ ಗಂಡನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಅವನ ಉಂಗುರ ಅವಳ ಅಂಗೈಯಲ್ಲಿ ಅಚ್ಚೊತ್ತಿತು.

ಹೊರಗೆ ಬಂದಾಗ ಒಂದು ಕಣ್ಣಿಗೆ ಪಟ್ಟಿಯಿತ್ತು, ಇನ್ನೊಂದಕ್ಕೆ ಹಾಕಿದ ಔಷಧಿಯಿಂದ ಬೀದಿಯೆಲ್ಲ ಬೆಳಕಿನ ಮುದ್ದೆಯಾಗಿತ್ತು. ಗಂಡನ ಮೊಣಕೈ ಹಿಡಿದು ಹೆಜ್ಜೆ ಹಾಕುತ್ತಿದ್ದಾಗ ಅವನ ಜೇಬಿನಲ್ಲಿದ್ದ ಅವಳ ಫೋನು ಬಡಿದುಕೊಂಡಿತು. ಕೊರೆದ ಜಾಗದ ಚಿತ್ರ ಬಂದಿದೆಯಂತೆ, ಸ್ನೇಹಿತ ಕಳಿಸಿದ್ದಾನೆ ಎಂದ ಗಂಡ. ಅವನು ಪಾತ್ರೆ ಅಂಗಡಿಯವನು. ಇಷ್ಟು ವರ್ಷಗಳಲ್ಲಿ ಅವಳ ಕಲ್ಲುಗಳನ್ನು ಒಮ್ಮೆಯೂ ಸರಿಯಾಗಿ ನೋಡಿದವನಲ್ಲ.

"ನಂಗೇನು ತಿಳಿಯತ್ತೆ ಇದ್ರಲ್ಲಿ?" ಎಂದ.

"ತಿಳಿಯೋದು ಬೇಡ. ಕಂಡಿದ್ದು ಹೇಳಿ ಸಾಕು. ಮೇಲಿನ ಎಡಮೂಲೆಯಿಂದ ಶುರು ಮಾಡಿ."

ಅವನು ಕಾಲುದಾರಿಯ ನಡುವೆಯೇ ನಿಂತ. ಜನ ಅವರನ್ನು ಬಳಸಿಕೊಂಡು ಎರಡೂ ಕಡೆಯಿಂದ ಹೋಗುತ್ತಿದ್ದರು. ಅವನು ಬಿಸಿಲು ಬೀಳದಂತೆ ಫೋನಿಗೆ ಕೈ ಅಡ್ಡ ಹಿಡಿದು, ಗಂಟಲು ಸರಿಮಾಡಿಕೊಂಡು, ನಿಧಾನವಾಗಿ, "ಇಲ್ಲಿ ಸ್ವಲ್ಪ ನೆರಳಿದೆ..." ಎಂದು ಶುರುಮಾಡಿದ. ಅವಳು ಕಣ್ಣು ಮುಚ್ಚಿಕೊಂಡಳು.