ಮೂರನೆಯ ಬಾವಿಯ ಹೆಸರು

ನಳದ ಜಗಳಕ್ಕೆ ಬೇಸತ್ತು ಪಾರವ್ವ ಪುಣೆಯಲ್ಲಿ ಎರಡು ಬಾಡಿಗೆ ಮನೆ ಬಿಟ್ಟಿದ್ದಳು. ನಾನಾ ಪೇಟೆಯ ಈ ಮೂರನೆಯ ವಾಡೆಯಲ್ಲೂ ನಳ ಒಂದೇ, ಮನೆಗಳು ಹಲವು. ತುಂಬಿದ ಕೊಡ ಹೊತ್ತೇ ಹೊಸ ಮನೆಯೊಳಗೆ ಕಾಲಿಡಬೇಕು. ಆದರೆ ನಳದ ಸಾಲಿಗೆ ಹೋಗಲು ಧೈರ್ಯ ಸಾಲದೆ, ಖಾಲಿ ಕೊಡ ಹಿಡಿದು ವಾಡೆಯ ಬಾಗಿಲ ಕಟ್ಟೆಯ ಮೇಲೆ ಕೂತಳು.

ಅಲ್ಲಿ ಮನೆಯೊಡತಿ ರೂತಬಾಯಿ ಕೂತಿದ್ದಳು. ಹುಬ್ಬಳ್ಳಿಯಲ್ಲಿ ಬೆಳೆದ ಯಹೂದಿ ಮುದುಕಿ. ಬಾಗಿಲ ಮೇಲೆ ‘ರೆಹೋಬೋತ್’ ಎಂದು ಬರೆದಿತ್ತು.

“ಇದೇನ್ ಹೆಸರ್ರೀ, ಬಾಯಾರ?”

“ನಮ್ಮ ಶಾಸ್ತ್ರದಾಗಿನ ಬಾವಿ ಹೆಸರವ್ವ. ಇಸಾಕ ಅಂತ ಒಬ್ಬ ಹಿರಿಯಾ ಬಾವಿ ತೋಡಿಸಿದ. ಊರವರು ನೀರು ನಮ್ಮದಂತ ಜಗಳಕ್ಕ ಬಂದರು. ಬಿಟ್ಟು ಮುಂದ ಹೋದ. ಇನ್ನೊಂದು ತೋಡಿಸಿದ, ಅಲ್ಲೂ ಅದೇ ರಗಳೆ. ಮೂರನೇದಕ್ಕ ಯಾರೂ ಬರಲಿಲ್ಲ. ದೇವರು ನಮಗ ಜಾಗಾ ಮಾಡಿಕೊಟ್ಟ ಅಂದು ರೆಹೋಬೋತ್ ಅಂತ ಹೆಸರಿಟ್ಟ. ವಿಶಾಲ ಜಾಗಾ ಅಂತ ಅರ್ಥ.”

“ತಿರುಗಿ ಬಡಿದಾಡಲಿಲ್ಲೇನ್ರೀ ಅಂವಾ?”

“ನಿನ್ನಂಗ ದಣಿದಿದ್ದ ಕಾಣ್ತದ. ಏಳು, ನೀರು ಹೋಗ್ತದ.”

ಪಾರವ್ವ ಸಾಲಿನ ಕೊನೆಗೆ ಹೋಗಿ ನಿಂತಳು. ಮುಂದಿದ್ದ ಹೆಂಗಸು ಹೊರಳಿ ನೋಡಿದಳು. ಪಾರವ್ವ ಬೈಗುಳಕ್ಕೆ ಕಾದಳು. ಆಕೆ ತನ್ನ ಬಕೆಟ್ಟನ್ನು ಕಾಲಿನಿಂದ ಸರಿಸಿ, ಒಂದು ಕೊಡ ಇಡುವಷ್ಟು ಜಾಗ ಬಿಟ್ಟಳು.